ಕಾನ್ವೆಂಟಿನಿಂದ ಮನೆಗೆ ಮರಳಿದ ಮಗಳು

(ಗುರುತು ಸಿಗದ ಹಾಗೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ರೀನಾಗೆ 25 ವರ್ಷ. ಉಡುಪಿ ಕಡೆಯ ಒಂದು ಹಳ್ಳಿ. ಬಿ.ಕಾಂ. ಮುಗಿಸಿ, ಕೆಲಸವನ್ನೂ ಮಾಡಿ, ಆಮೇಲೆ ಕನ್ಯಾಸ್ತ್ರೀಯಾಗಲು ಕಾನ್ವೆಂಟ್ ಸೇರಿದ್ದಳು. ನೊವಿಶಿಯೇಟಿನ (ವ್ರತ ತೆಗೆದುಕೊಳ್ಳುವ ಮೊದಲಿನ ತರಬೇತಿಯ ಕಾಲ) ಎಂಟನೇ ತಿಂಗಳಲ್ಲಿ ಮನೆಗೆ ಮರಳಿದಳು. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬರುವಾಗ ಹಾಗೆ ಮರಳಿ ಐದು ತಿಂಗಳಾಗಿತ್ತು. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಭಾನುವಾರದ ಪೂಜೆಗೂ ಹೋಗುತ್ತಿರಲಿಲ್ಲ. ಅಮ್ಮನೇ ಕರೆದುಕೊಂಡು ಬಂದಿದ್ದರು.

"ದೇವರು ಕರೆದಿದ್ದರು ಮೇಡಂ. ನಾನೇ ಬೇಡ ಅಂದೆ." ಮೊದಲ ದಿನ ಅವಳು ಹೇಳಿದ್ದು ಇಷ್ಟೇ.

ಆ ದಿನ ನಾನು ತಪ್ಪು ಮಾಡಿದೆ. ಸಮಾಧಾನ ಹೇಳುವ ಅವಸರದಲ್ಲಿ "ಮದುವೆ, ಸಂಸಾರ ಕೂಡ ದೈವಕರೆಯೇ ಅಲ್ವಾ?" ಅಂದುಬಿಟ್ಟೆ. ಮಾತು ಸುಳ್ಳಲ್ಲ. ಆದರೆ ಅವಳು ಮದುವೆಯ ವಿಷಯ ಎತ್ತಿರಲೇ ಇಲ್ಲ. ಉಳಿದ ಅರ್ಧ ಗಂಟೆ ಅವಳು ಬಾಯಿ ಬಿಡಲಿಲ್ಲ. ಆ ಮಾತನ್ನು ಮನೆಯಲ್ಲಿ, ವಾಳೆಯಲ್ಲಿ (ಚರ್ಚಿನ ವಾರ್ಡಿನಲ್ಲಿ) ಆಗಲೇ ಹತ್ತು ಸಲ ಕೇಳಿದ್ದಳಂತೆ.

ಎರಡನೇ ಸಲ ನಾನು ಕೇಳಿದ್ದು ಒಂದೇ: "ಬಿಟ್ಟು ಬಂದದ್ದು ಹೇಗೆ? ಮೊದಲಿಂದ ಹೇಳು."

ಜಗಳವಾಡಿ ಬಂದಿರಲಿಲ್ಲ. ನಾಲ್ಕು ತಿಂಗಳು ಪ್ರಾರ್ಥನೆ ಮಾಡಿದ್ದಳು. ಎಂಟು ದಿನದ ಧ್ಯಾನಕೂಟದಲ್ಲಿ ಕೂತಿದ್ದಳು. ಅಲ್ಲಿಯ ಹಿರಿಯ ಸಿಸ್ಟರ್ ಹತ್ತಿರ ಎಲ್ಲ ಹೇಳಿಕೊಂಡಿದ್ದಳು. "ಎಲ್ಲ ಕೆಲಸ ಚೆನ್ನಾಗಿ ಮಾಡ್ತೀಯ, ಆದರೆ ನಿನ್ನ ಮುಖದಲ್ಲಿ ನೀನೇ ಇಲ್ಲ" ಅಂದಿದ್ದರಂತೆ ಅವರು.

"ಹೊರಟ ದಿನ ಮನಸ್ಸು ಹೇಗಿತ್ತು?"

ತುಂಬಾ ಹೊತ್ತು ಯೋಚಿಸಿದಳು. "ಹಗುರ ಇತ್ತು. ಬಸ್ಸಲ್ಲಿ ನಿದ್ದೆ ಬಂತು."

ಹಾಗಾದರೆ ಈ ಸಂಕಟ ಶುರುವಾದದ್ದು ಎಲ್ಲಿ? ಸೆಪ್ಟೆಂಬರ್ 8ರಂದು, ಮೊಂತಿ ಫೆಸ್ತಿನ ದಿನ, ಅಂದರೆ ಮರಿಯಮ್ಮನ ಹುಟ್ಟುಹಬ್ಬದ, ತೆನೆ ಹಬ್ಬದ ದಿನ. ಇಗರ್ಜಿಯಿಂದ ಹೊಸ ತೆನೆ ತಂದು, ಹೊಸಕ್ಕಿ ಊಟಕ್ಕೆ ಮನೆಯವರೆಲ್ಲ ಕೂತಿದ್ದರು. ಒಬ್ಬ ಅತ್ತೆ ಕೇಳಿದರು: "ರಜೆ ಎಷ್ಟು ದಿನ, ಸಿಸ್ಟರ್?" ಯಾರೂ ಉತ್ತರ ಕೊಡಲಿಲ್ಲ. ಅಪ್ಪ ಎಲೆ ಬಿಟ್ಟು ಎದ್ದರು. ಗೋಡೆಯ ಮೇಲೆ ಬಿಳಿ ವೇಲ್ ಹಾಕಿದ ಅವಳ ಫೋಟೋ ಹಾಗೇ ಇತ್ತು.

ಇಲ್ಲಿ ಲೊಯೊಲಾದ ಸಂತ ಇಗ್ನಾಸಿಯವರ ಕಥೆ ಹೇಳಿದೆ. ಸ್ಪೇನಿನ ಸೈನಿಕರಾಗಿದ್ದು, ಮುಂದೆ ಜೆಸ್ವಿಟ್ ಸಂಸ್ಥೆ ಕಟ್ಟಿದವರು ಅವರು. 1521ರ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ ಅವರು ತಿಂಗಳುಗಟ್ಟಲೆ ಮಲಗಿದ್ದರು. ಶೌರ್ಯ, ಹೆಸರು, ರಾಜಮನೆತನದ ಹೆಣ್ಣು ಅಂತ ಕನಸು ಕಂಡರೆ ಆ ಹೊತ್ತಿಗೆ ಖುಷಿ. ಆಮೇಲೆ ಬರೀ ಬೇಸರ. ಸಂತರ ಹಾಗೆ ಬದುಕುವ ಯೋಚನೆ ಬಂದರೆ ಆ ಖುಷಿ ಮಾತ್ರ ಹಾಗೇ ಉಳಿಯುತ್ತಿತ್ತು. ಯಾವ ಭಾವನೆ ಎಲ್ಲಿಂದ ಬಂತು, ಎಷ್ಟು ದಿನ ಉಳಿಯಿತು ಅಂತ ಅವರು ಗಮನಿಸಲು ಕಲಿತದ್ದು ಹಾಗೆ. ರೀನಾಳ ನೆಮ್ಮದಿ ಪ್ರಾರ್ಥನೆಯಿಂದ ಬಂದದ್ದು. ಅವಮಾನ ಊಟದ ಎಲೆಯ ಮುಂದೆ ಬಂದದ್ದು. ಎರಡನ್ನೂ ದೇವರ ತಲೆಗೆ ಕಟ್ಟಬೇಡ ಅಂದೆ.

ಇನ್ನೊಂದು ಪ್ರಶ್ನೆ ಕೇಳಿದೆ. "ವ್ರತ ತೆಗೆದುಕೊಂಡಿದ್ದೆಯಾ?" "ಇಲ್ಲ." "ಮತ್ತೆ ಮುರಿದದ್ದು ಏನು?" ಚರ್ಚಿನ ಕಾನೂನಿನಲ್ಲಿ ನೊವಿಶಿಯೇಟ್ ಕನಿಷ್ಠ 12 ತಿಂಗಳು. ಮೊದಲ ವ್ರತ ಬರುವುದೇ ಅದರ ನಂತರ. ಆ ಹೆಣ್ಣುಮಗಳು ಸಂಸ್ಥೆಯನ್ನು ನೋಡಬೇಕು, ಸಂಸ್ಥೆ ಅವಳನ್ನು ನೋಡಬೇಕು, ಅದಕ್ಕೇ ಆ ಕಾಲ ಇಟ್ಟದ್ದು. ನಡುವೆ ಬಿಟ್ಟು ಹೋಗುವ ಸ್ವಾತಂತ್ರ್ಯವನ್ನು ಕಾನೂನೇ ಬರೆದು ಕೊಟ್ಟಿದೆ. ಇದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಕಳಿಸುವಾಗ ಇದನ್ನೂ ಹೇಳಿ ಕಳಿಸಿದ್ದರೆ ಎಷ್ಟು ಮಕ್ಕಳ ಕಣ್ಣೀರು ಉಳಿಯುತ್ತಿತ್ತು!

ಅಮ್ಮನ ಹತ್ತಿರ ಬೇರೆಯಾಗಿ ಮಾತಾಡಿದೆ. "ಅತ್ತೂರಿನ ಇಗರ್ಜಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದಿದ್ದೆ. ದೇವರಿಗೆ ಕೊಟ್ಟದ್ದನ್ನು ವಾಪಸ್ ತಗೊಳ್ಳುವುದು ಹೇಗೆ?" ಅಂದರು. ಅವರ ದುಃಖ ನಿಜವಾದದ್ದು. ಆದರೂ ಹೇಳಲೇಬೇಕಿತ್ತು: ಆ ಕಾಣಿಕೆ ಕೊಡಬೇಕಾದವಳು ರೀನಾ, ನೀವಲ್ಲ. ಜೀವನದ ದಾರಿ ಆರಿಸುವಾಗ ಯಾರ ಒತ್ತಾಯವೂ ಇರಬಾರದು ಅಂತ 1983ರ ಚರ್ಚ್ ಕಾನೂನು ಹೇಳುತ್ತದೆ.

ರೀನಾಳ ಅಮ್ಮ ಚಿಕ್ಕಂದಿನಿಂದ ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಜಾಳ ಭಕ್ತೆ. ಆ ತೆರೇಜಾಳ ಅಪ್ಪ ಲೂಯಿ ಮಾರ್ಟಿನ್ ಸನ್ಯಾಸಿಯಾಗಲು ಹೋಗಿ, ಲ್ಯಾಟಿನ್ ಬಾರದೆ ವಾಪಸ್ ಬಂದವರು. ಅಮ್ಮ ಝೆಲಿಯನ್ನು ಕನ್ಯಾಸ್ತ್ರೀಯರ ಮಠ ಸೇರಿಸಿಕೊಳ್ಳಲಿಲ್ಲ. ಇಬ್ಬರೂ 1858ರಲ್ಲಿ ಮದುವೆಯಾದರು. 2015ರಲ್ಲಿ ಚರ್ಚ್ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿತು. "ಅವರನ್ನೂ ಯಾರಾದರೂ ರಜೆ ಎಷ್ಟು ದಿನ ಅಂತ ಕೇಳಿರಬೇಕು" ಅಂದೆ. ರೀನಾಳ ಅಮ್ಮ ಅತ್ತರು.

ರೀನಾಗೆ ಕೊಟ್ಟ ಸಲಹೆ ಹೀಗಿತ್ತು. ಮೊದಲು ನಿದ್ದೆಯ ವಿಷಯಕ್ಕೆ ಡಾಕ್ಟರನ್ನು ನೋಡು. ಮೂರು ತಿಂಗಳು ಯಾವ ನಿರ್ಧಾರವೂ ಬೇಡ. ಬಂದಿರುವ ಸಂಬಂಧಕ್ಕೆ ಹೂಂ ಅನ್ನುವುದೂ ಬೇಡ, ಬೇರೆ ಕಾನ್ವೆಂಟಿಗೆ ಅರ್ಜಿ ಹಾಕುವುದೂ ಬೇಡ. ಮನಸ್ಸು ಕುಗ್ಗಿದಾಗ ದಾರಿ ಬದಲಿಸಬಾರದು ಅನ್ನುವುದೂ ಇಗ್ನಾಸಿಯವರದ್ದೇ ನಿಯಮ. ದಿನಾ ರಾತ್ರಿ ಹತ್ತು ನಿಮಿಷ ಕೂತು ಎರಡು ಸಾಲು ಬರೆ: ಇವತ್ತು ಮನಸ್ಸು ಅರಳಿದ್ದು ಎಲ್ಲಿ, ಮುದುಡಿದ್ದು ಎಲ್ಲಿ. ಯಾರಾದರೂ ಕೇಳಿದರೆ "ಎಂಟು ತಿಂಗಳು ಅಲ್ಲಿದ್ದೆ, ಈಗ ಮನೆಯಲ್ಲಿದ್ದೇನೆ" ಅನ್ನು. ವಿವರಣೆ ಬೇಡ. ಪ್ರಾರ್ಥನೆಯ ವಿಷಯಕ್ಕೆ ಒಬ್ಬ ಅನುಭವಿ ಫಾದರ್ ಅಥವಾ ಸಿಸ್ಟರನ್ನು ಹುಡುಕಿಕೋ, ಅದು ನನ್ನ ಕೆಲಸ ಅಲ್ಲ.

ಆರನೇ ವಾರ ನೋಟ್‌ಬುಕ್ ತಂದಳು. 'ಅರಳಿದ್ದು' ಕಡೆ ಒಂದೇ ವಿಷಯ ಮತ್ತೆ ಮತ್ತೆ ಬಂದಿತ್ತು. ಅವರ ವಾಳೆಯಲ್ಲಿ ಮಕ್ಕಳೆಲ್ಲ ಗಲ್ಫಿನಲ್ಲಿರುವ ಮನೆಗಳು ಜಾಸ್ತಿ. ಒಂಟಿ ಹಿರಿಯರಿಗೆ ಮಾತ್ರೆ ಡಬ್ಬಿ ತುಂಬಿಸಿ ಕೊಡುತ್ತಿದ್ದಳು. ಮಗನಿಗೆ ವಿಡಿಯೋ ಕಾಲ್ ಹಚ್ಚಿ ಕೊಡುತ್ತಿದ್ದಳು. ಸಂಜೆ ಜೊತೆಗೆ ಕೂತು ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುತ್ತಿದ್ದಳು. "ಅದು ಸುಮ್ನೆ, ಹೊತ್ತು ಹೋಗಲಿ ಅಂತ ಮೇಡಂ" ಅಂದಳು. ಆದರೆ ಆ ಮಾತಾಡುವಾಗ ಅವಳ ದನಿ ಬದಲಾಗಿತ್ತು. ಹಿರಿಯ ಸಿಸ್ಟರ್ ಹುಡುಕಿದ ಮುಖ ಇದೇ ಇರಬೇಕು ಅನ್ನಿಸಿತು.

"ಇದೇ ನನ್ನ ಕರೆಯಾ?" ಅಂತ ಕೇಳಿದಳು.

"ನನಗೆ ಗೊತ್ತಿಲ್ಲ. ನೋಟ್‌ಬುಕ್ ಬಿಡಬೇಡ" ಅಂದೆ.

ಈಗ ಅವಳು ಹಿರಿಯರ ಆರೈಕೆಯ ತರಬೇತಿಗೆ ಮಂಗಳೂರಿಗೆ ಹೋಗಿ ಬರುತ್ತಿದ್ದಾಳೆ. ಮದುವೆಯ ಪ್ರಶ್ನೆ ಹಾಗೇ ಇದೆ. ಭಾನುವಾರ ಪೂಜೆಗೆ ಹೋಗುತ್ತಾಳೆ, ಪಕ್ಕದ ಮನೆಯ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು. ಫೋಟೋ ತೆಗೆಯಬೇಕಾ ಅಂತ ಅಮ್ಮ ಕೇಳಿದರಂತೆ. ಬೇಡ, ಅಲ್ಲೇ ಇರಲಿ ಅಂದಳಂತೆ.