ನೂರನಲವತ್ತನೆಯ ಕಿಲೋಮೀಟರಿನಲ್ಲಿ ಹಿಡಿದುಕೊಂಡ ಕಾಲು

ಪ್ರಶ್ನೆ: ನಾನು ತುಮಕೂರಿನಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 46. ಎರಡು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. ವಾರದಲ್ಲಿ ಮೂರು ದಿನ ಒಂದೊಂದು ಗಂಟೆ, ಭಾನುವಾರ 60ರಿಂದ 70 ಕಿಲೋಮೀಟರ್ ನನ್ನ ಅಭ್ಯಾಸ. ಕಳೆದ ತಿಂಗಳು ಮೊದಲ ಬಾರಿಗೆ 200 ಕಿಲೋಮೀಟರಿನ ಬ್ರೆವೆಯಲ್ಲಿ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಭಾಗವಹಿಸಿದೆ. ಒಬ್ಬನೇ ಹೋದಾಗ ನನ್ನ ವೇಗ ಗಂಟೆಗೆ 21 ಕಿಲೋಮೀಟರ್ ದಾಟುವುದಿಲ್ಲವಾದರೂ ಅಂದು ಜೊತೆಯವರೊಂದಿಗೆ ಮೊದಲ ನೂರು ಕಿಲೋಮೀಟರನ್ನು 26ರ ಸರಾಸರಿಯಲ್ಲಿ ಮುಗಿಸಿದೆ. 140 ಕಿಲೋಮೀಟರ್ ಆಗುವಷ್ಟರಲ್ಲಿ ಎಡಗಾಲಿನ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತು. ಇಳಿಯಲು ಕಾಲೆತ್ತಿದರೆ ಒಳತೊಡೆಯೂ ಹಿಡಿದುಕೊಂಡಿತು. ದಾರಿಯುದ್ದಕ್ಕೂ ಬಾಳೆಹಣ್ಣು ತಿಂದಿದ್ದೆ, ಎಳನೀರು ಕುಡಿದಿದ್ದೆ. ಎಲ್ಲರೂ ‘ಉಪ್ಪು ಕಡಿಮೆಯಾಗಿದೆ’ ಎನ್ನುತ್ತಾರೆ. ಉಪ್ಪಿನ ಮಾತ್ರೆ ನುಂಗಿದರೆ ಸರಿಹೋಗುತ್ತದೆಯೇ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. ಆದರೆ ಅದು ಉಪ್ಪಿನ ವಿಚಾರ ಬರೆದ ಸಾಲಿನಲ್ಲಿಲ್ಲ, ನೀವು ಕೊಟ್ಟಿರುವ ಅಂಕಿಗಳಲ್ಲಿದೆ. 21ರ ವೇಗಕ್ಕೆ ಒಗ್ಗಿದ ಕಾಲು ನಾಲ್ಕು ಗಂಟೆ ಕಾಲ 26ರ ವೇಗದಲ್ಲಿ ದುಡಿಯಿತು. 70 ಕಿಲೋಮೀಟರಿಗೆ ಪಳಗಿದ ಕಾಲು 140ಕ್ಕೆ ಬಂದು ಮುಷ್ಕರ ಹೂಡಿತು.

ಉಪ್ಪಿನ ವಾದ ಹುಟ್ಟಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ಗಣಿಗಳಲ್ಲಿಯೂ ಹಡಗುಗಳ ಬಾಯ್ಲರ್ ಕೋಣೆಗಳಲ್ಲಿಯೂ ದುಡಿಯುತ್ತಿದ್ದವರು ಬೆವರು ಸುರಿಸಿ, ಬರಿಯ ನೀರು ಕುಡಿದು, ಮೈಯೆಲ್ಲ ಸೆಳೆತ ಬಂದು ಬೀಳುತ್ತಿದ್ದರು. ಕುಡಿಯುವ ನೀರಿಗೆ ಉಪ್ಪು ಬೆರೆಸಿ ಕೊಟ್ಟ ಮೇಲೆ ಅವರ ತೊಂದರೆ ಕಡಿಮೆಯಾಯಿತು. ಆ ಮಾತು ಕ್ರೀಡಾಲೋಕಕ್ಕೂ ಬಂದು ಹಾಗೆಯೇ ಉಳಿಯಿತು. ಆದರೆ ದಕ್ಷಿಣ ಆಫ್ರಿಕಾದಲ್ಲಿ ಈಜು, ಸೈಕಲ್, ಓಟ ಮೂರೂ ಸೇರಿದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಪಾಲ್ಗೊಂಡವರನ್ನು ಪರೀಕ್ಷಿಸಿ ನೋಡಿದಾಗ, ಸೆಳೆತ ಬಂದವರಿಗೂ ಬಾರದವರಿಗೂ ರಕ್ತದ ಸೋಡಿಯಂನಲ್ಲಾಗಲಿ, ಮೈಯಿಂದ ಹೋದ ನೀರಿನ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡ ವ್ಯತ್ಯಾಸ ಎರಡು: ಸೆಳೆತ ಬಂದವರು ಹೆಚ್ಚಿನ ವೇಗದಲ್ಲಿ ಹೋಗಿದ್ದರು, ಮತ್ತು ಅವರಿಗೆ ಹಿಂದೆಯೂ ಸೆಳೆತ ಬಂದಿತ್ತು. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ರಕ್ತ ಇಡೀ ಮೈಯಲ್ಲಿ ಹರಿಯುತ್ತದೆ. ಕೊರತೆ ಅದರಲ್ಲಿದ್ದರೆ ಸುಮ್ಮನಿದ್ದ ತೋಳು, ಬೆನ್ನುಗಳೂ ಸೆಟೆದುಕೊಳ್ಳಬೇಕಿತ್ತು. ನಿಮಗೆ ಹಿಡಿದುಕೊಂಡದ್ದು ದುಡಿದ ಕಾಲು ಮಾತ್ರ.

ಸ್ನಾಯುವಿನೊಳಗೆ ಎರಡು ಬಗೆಯ ಸಂವೇದಕಗಳಿವೆ. ಸ್ನಾಯುವಿನ ಎಳೆಗಳ ನಡುವೆ ಇರುವ ಒಂದು ಬಗೆಯವು ‘ಬಿಗಿಯಾಗು’ ಎಂಬ ಸೂಚನೆಯನ್ನು ಪ್ರಚೋದಿಸುತ್ತವೆ. ಸ್ನಾಯು ಮೂಳೆಗೆ ಅಂಟುವ ರಜ್ಜುವಿನ ಬಳಿ ಇರುವ ಇನ್ನೊಂದು ಬಗೆಯವು ಎಳೆತ ಹೆಚ್ಚಾದಾಗ ‘ಸಾಕು, ಸಡಿಲಿಸು’ ಎಂದು ಬೆನ್ನುಹುರಿಗೆ ತಿಳಿಸುತ್ತವೆ. ಸ್ನಾಯು ಮಿತಿಮೀರಿ ದಣಿದಾಗ ಮೊದಲನೆಯದರ ದನಿ ಏರುತ್ತದೆ, ಎರಡನೆಯದರದು ಅಡಗುತ್ತದೆ. ಸ್ನಾಯು ಮೊದಲೇ ಕುಗ್ಗಿದ ಭಂಗಿಯಲ್ಲಿದ್ದರೆ ರಜ್ಜುವಿನ ಮೇಲೆ ಎಳೆತವೇ ಇರುವುದಿಲ್ಲವಾದ್ದರಿಂದ ‘ಸಡಿಲಿಸು’ ಎನ್ನುವವರೇ ಇಲ್ಲದಂತಾಗುತ್ತದೆ. ಸೈಕಲ್ ತುಳಿಯುವವರ ಮೀನಖಂಡದ ಸ್ಥಿತಿ ಇದೇ. ಮಂಡಿ ಯಾವಾಗಲೂ ಕೊಂಚ ಮಡಿಚಿಕೊಂಡೇ ಇರುತ್ತದೆ, ದಣಿದಷ್ಟೂ ಪಾದದ ತುದಿ ಕೆಳಕ್ಕೆ ಬಾಗುತ್ತದೆ, ಗಂಟೆಗಟ್ಟಲೆ ಆ ಸ್ನಾಯು ಒಮ್ಮೆಯೂ ಪೂರ್ತಿ ಚಾಚಿಕೊಳ್ಳುವುದಿಲ್ಲ. ಸಂಶೋಧಕರ ನಡುವೆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಒಂದು ಕಾಳು ಉಪ್ಪೂ ಇಲ್ಲದೆ, ಬರಿಯ ಚಾಚುವಿಕೆಯಿಂದ ನಿಮಿಷದೊಳಗೆ ಸೆಳೆತ ಬಿಡುವುದನ್ನು ವಿವರಿಸುವ ವಾದ ನನ್ನ ಮಟ್ಟಿಗೆ ಇದೊಂದೇ.

ಆದ್ದರಿಂದ ಸೆಳೆತ ಬಂದ ಕೂಡಲೇ ಮಾಡಬೇಕಾದದ್ದು ಚಾಚುವುದು. ತುಳಿಯುವುದನ್ನು ನಿಲ್ಲಿಸಿ, ನೋವಿಲ್ಲದ ಕಾಲನ್ನು ನೆಲಕ್ಕೂರಿ ರಸ್ತೆಯ ಬದಿಗೆ ಬನ್ನಿ. ಬೂಟು ಪೆಡಲಿಗೆ ಸಿಕ್ಕಿಸುವ ಬಗೆಯದಾದರೆ ಹಿಡಿದುಕೊಂಡ ಕಾಲನ್ನು ತಿರುಚಿ ಬಿಡಿಸಲು ಅವಸರಪಡಬೇಡಿ, ಆ ತಿರುಚುವಿಕೆಯಿಂದಲೇ ತೊಡೆಯ ಹಿಂಭಾಗವೂ ಹಿಡಿಯುವುದುಂಟು. ಮೀನಖಂಡಕ್ಕಾದರೆ ಮಂಡಿಯನ್ನು ನೆಟ್ಟಗಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆದು ಹಿಡಿಯಬೇಕು. ಚರ್ಮದ ಕೆಳಗೆ ನಿಂಬೆಕಾಯಿಯಂತೆ ಎದ್ದು ನಿಂತ ಗಂಟು ಕರಗುವುದು ಕೈಗೆ ತಿಳಿಯುತ್ತದೆ. ಅದಾದ ಮೇಲೂ ಅರ್ಧ ನಿಮಿಷ ಹಿಡಿತ ಬಿಡಬಾರದು. ತೊಡೆಯ ಮುಂಭಾಗಕ್ಕೆ ಹಿಮ್ಮಡಿಯನ್ನು ಪೃಷ್ಠಕ್ಕೆ ತಾಗಿಸುವುದು, ಹಿಂಭಾಗಕ್ಕೆ ಕಾಲು ನೀಡಿ ಮುಂದಕ್ಕೆ ಬಾಗುವುದು, ಒಳತೊಡೆಗೆ ಕಾಲುಗಳನ್ನು ಅಗಲಿಸಿ ಒಂದು ಬದಿಗೆ ವಾಲುವುದು. ಎಳೆತ ನಿಧಾನವಾಗಿರಲಿ, ಕುಲುಕಿ ಎಳೆದರೆ ಎಳೆ ಹರಿಯಬಹುದು. ಸೆಳೆತ ಬಿಟ್ಟರೂ ಸ್ನಾಯು ಸ್ವಲ್ಪ ಹೊತ್ತು ಮಿಣಮಿಣ ಅದುರುತ್ತಿರುತ್ತದೆ. ಇದು ಮತ್ತೆ ಹಿಡಿಯುವ ಮುನ್ಸೂಚನೆ. ಹಗುರವಾದ ಗೇರಿಗೆ ಇಳಿಸಿ, ಆಗಾಗ ಪೆಡಲಿನ ಮೇಲೆ ಎದ್ದು ನಿಂತು ಹಿಮ್ಮಡಿಯನ್ನು ಕೆಳಗೊತ್ತಿ ಸಾಗಿ.

ಮುಂದಿನ ಬ್ರೆವೆಗೆ ಮುನ್ನ ಭಾನುವಾರದ ದೂರವನ್ನು ವಾರಕ್ಕೆ ಹತ್ತು ಹದಿನೈದು ಕಿಲೋಮೀಟರಿನಂತೆ ಏರಿಸಿ, ಒಂದೆರಡು ಬಾರಿಯಾದರೂ 130ರಿಂದ 150 ತಲುಪಿ. 200 ಕಿಲೋಮೀಟರಿಗೆ ಇರುವ ಗಡುವು ಹದಿಮೂರೂವರೆ ಗಂಟೆ. ಅಂದರೆ ನಿಲುಗಡೆಗಳೂ ಸೇರಿ ಗಂಟೆಗೆ 15 ಕಿಲೋಮೀಟರ್ ಸಾಕು. ನಿಮ್ಮ 21ರ ವೇಗದಲ್ಲೇ ಹೋಗಿದ್ದರೂ ಊಟಕ್ಕೆ, ಚಹಾಕ್ಕೆ, ಪಂಕ್ಚರಿಗೆ ಮೂರೂವರೆ ಗಂಟೆಗಿಂತ ಹೆಚ್ಚು ಸಮಯ ಮಿಗುತ್ತಿತ್ತು! ಗುಂಪಿನ ಗಾಳಿಮರೆಯಲ್ಲಿ ಹೋಗುವಾಗ ವೇಗದ ಬೆಲೆ ತಿಳಿಯುವುದಿಲ್ಲ, ಮಧ್ಯಾಹ್ನದ ಮೇಲೆ ತಿಳಿಯುತ್ತದೆ. ಭಾರವಾದ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ಒತ್ತುವುದಕ್ಕಿಂತ ಹಗುರ ಗೇರಿನಲ್ಲಿ 80ರ ಆಸುಪಾಸು ತಿರುಗಿಸುವುದು ಸ್ನಾಯುವಿಗೆ ಮೇಲು.

ಸೀಟಿನ ಎತ್ತರವನ್ನು ತಪ್ಪದೆ ನೋಡಿಕೊಳ್ಳಿ. ಈ ಪಾಠವನ್ನು ನಾನು ನೋವುಂಡು ಕಲಿತೆ. ಹೊಸ ಸೈಕಲ್ ಕೊಂಡಾಗ ಅಂಗಡಿಯವರು ಕಣ್ಣಂದಾಜಿನಲ್ಲಿ ಸೀಟು ಏರಿಸಿ ಕೊಟ್ಟಿದ್ದರು. ನಂದಿಬೆಟ್ಟದ ಏರಿನಲ್ಲಿ ಪ್ರತಿ ಸಲವೂ ಬಲಗಾಲಿನ ಮೀನಖಂಡವೇ ಹಿಡಿಯುತ್ತಿತ್ತು, ನಾನು ಪ್ರತಿ ಸಲವೂ ನೀರಿಗೆ ಇನ್ನಷ್ಟು ಉಪ್ಪು ಹಾಕುತ್ತಿದ್ದೆ. ಕೊನೆಗೆ ಅಳೆದು ನೋಡಿದರೆ ಸೀಟು ಎರಡು ಸೆಂಟಿಮೀಟರ್ ಹೆಚ್ಚಿತ್ತು, ಪೆಡಲ್ ಕೆಳಗೆ ಬಂದಾಗಲೆಲ್ಲ ನಾನು ತುದಿಗಾಲಿನಲ್ಲಿ ಎಟುಕಿಸಿಕೊಳ್ಳುತ್ತಿದ್ದೆ. ಗೋಡೆ ಹಿಡಿದು ಸೈಕಲ್ ಮೇಲೆ ಕುಳಿತು, ಬೂಟಿನ ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತಿರುಗಿಸಿ; ಪೆಡಲ್ ಕೆಳತುದಿಗೆ ಬಂದಾಗ ಸೊಂಟ ಓಲದೆ ಮಂಡಿ ಆಗತಾನೇ ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಅದೇ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಬೂಟನ್ನು ಪೆಡಲಿಗೆ ಸಿಕ್ಕಿಸಲು ಅದರಡಿಯಲ್ಲಿರುವ ಕ್ಲೀಟ್ ತೀರ ಮುಂದಿದ್ದರೂ ಮೀನಖಂಡಕ್ಕೆ ಹೆಚ್ಚಿನ ಹೊರೆ. ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ನೋಡಿ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನೀರು, ಉಪ್ಪು ಬೇಡವೆಂದಲ್ಲ. ಬಿಸಿಲಿನಲ್ಲಿ ಎಂಟು ಹತ್ತು ಗಂಟೆ ತುಳಿಯುವವರಿಗೆ ಅವು ಬೇಕು, ಬೇಗ ದಣಿಯದಿರುವುದಕ್ಕಾದರೂ ಬೇಕು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿನಿಂದ ಎರಡು ಗ್ರಾಮಿನ ಹತ್ತಿರದವರೆಗೆ ಸೋಡಿಯಂ ಹೋಗುತ್ತದೆ. ಪೊಟ್ಯಾಸಿಯಂ ಹೋಗುವುದು ಅದರ ಸಣ್ಣ ಪಾಲು. ನೀವು ನೆಚ್ಚಿಕೊಂಡ ಬಾಳೆಹಣ್ಣು ಮತ್ತು ಎಳನೀರು ಎರಡರಲ್ಲೂ ಹೇರಳವಾಗಿರುವುದು ಪೊಟ್ಯಾಸಿಯಂ, ಸೋಡಿಯಂ ಅಲ್ಪ. ಬಾಳೆಹಣ್ಣನ್ನು ಶರ್ಕರಪಿಷ್ಟಕ್ಕಾಗಿ (ಕಾರ್ಬೋಹೈಡ್ರೇಟ್) ತಿನ್ನಿ, ಸೆಳೆತದ ಮದ್ದೆಂದು ತಿನ್ನಬೇಡಿ. ಉಪ್ಪಿಗೆ ಮಜ್ಜಿಗೆಯಿದೆ, ಉಪ್ಪು ಹಾಕಿದ ನಿಂಬೆ ಪಾನಕವಿದೆ, ಪುಳಿಯೋಗರೆಯಿದೆ. ಪೊಟ್ಟಣದಲ್ಲಿ ಸಿಗುವ ಓಆರ್‌ಎಸ್ ಆದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿಯಬೇಡಿ. ಒಂದು ಗಂಟೆ ತುಳಿಯುವ ಮೊದಲೂ ನಂತರವೂ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಲೆಕ್ಕ ಸಿಗುತ್ತದೆ: ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಹೋಗಿದೆ, ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ಹೋದದ್ದಕ್ಕಿಂತ ಹೆಚ್ಚು ಬರಿನೀರು ಕುಡಿಯುವುದು ಅಪಾಯ; ರಕ್ತದ ಸೋಡಿಯಂ ಕುಸಿದು ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಉಪ್ಪಿನ ಮಾತ್ರೆಯನ್ನು, ವಿಶೇಷವಾಗಿ ರಕ್ತದೊತ್ತಡ ಇರುವವರು, ವೈದ್ಯರನ್ನು ಕೇಳದೆ ನುಂಗಬಾರದು. ಜೊತೆಗೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಬೀಳಲಿ.

ಪ್ರಶ್ನೆ: ಉಪ್ಪಿನಕಾಯಿಯ ರಸ ಕುಡಿದರೆ ಸೆಳೆತ ತಕ್ಷಣ ಬಿಡುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಮನೆಯ ಮಿಡಿ ಉಪ್ಪಿನಕಾಯಿಯ ರಸವನ್ನು ಬಾಟಲಿಯಲ್ಲಿ ಒಯ್ಯಬಹುದೇ? (ಸಾಗರದ ಓದುಗರು)

ಉತ್ತರ: ಸ್ನೇಹಿತರ ಮಾತಿಗೆ ಆಧಾರವಿದೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲ್ಬೆರಳಿನ ಸ್ನಾಯುವಿಗೆ ವಿದ್ಯುತ್ತಿನಿಂದ ಸೆಳೆತ ತರಿಸಿ, ಮೈತೂಕದ ಪ್ರತಿ ಕಿಲೋಗೆ ಒಂದು ಮಿಲಿಲೀಟರಿನಂತೆ ರಸ ಕುಡಿಸಿದಾಗ, ನೀರು ಕುಡಿದಾಗಿನದಕ್ಕಿಂತ ಸುಮಾರು ಮುಕ್ಕಾಲು ನಿಮಿಷ ಬೇಗ ಸೆಳೆತ ಬಿಟ್ಟಿತು. ಅಷ್ಟರಲ್ಲಿ ರಸದ ಉಪ್ಪು ಕರುಳು ದಾಟಿ ರಕ್ತ ಸೇರಿರಲು ಸಾಧ್ಯವಿಲ್ಲ. ಗಂಟಲಿಗೆ ತಗುಲಿದ ಹುಳಿಯ ಚುರುಕೇ ನರಗಳ ಮೂಲಕ ಸ್ನಾಯುವಿನ ಗದ್ದಲವನ್ನು ತಣಿಸುತ್ತದೆ ಎಂಬುದು ಸಂಶೋಧಕರ ಊಹೆ. ಆದರೆ ಆ ಉಪ್ಪಿನಕಾಯಿ ವಿನೆಗರಿನಲ್ಲಿ ನೆನೆಹಾಕಿದ ಸೌತೆಕಾಯಿಯದು. ಸಾಸಿವೆ, ಮೆಣಸಿನಪುಡಿ ಅರೆದು ಹಾಕಿದ ಅಪ್ಪೆಮಿಡಿಯದಲ್ಲ. ನಿಮ್ಮ ಮನೆಯ ರಸವನ್ನು ಯಾರೂ ಆ ರೀತಿ ಪರೀಕ್ಷಿಸಿಲ್ಲ, ಬಿಸಿಲಿನಲ್ಲಿ ಖಾಲಿ ಹೊಟ್ಟೆಗೆ ಅದು ಎದೆಯುರಿ ತರುವುದು ಮಾತ್ರ ಖಚಿತ. ಒಯ್ಯಲೇಬೇಕೆಂದಿದ್ದರೆ ಎರಡು ಮೂರು ಚಮಚದಷ್ಟು ಸಾಕು, ಮುಚ್ಚಳ ಬಿಗಿಯಾಗಿರಲಿ. ಮೊದಲು ಕಾಲು ಚಾಚಿ, ರಸದ ಸರದಿ ಆಮೇಲೆ.

ಪ್ರಶ್ನೆ: ನನಗೆ 58 ವರ್ಷ, ಊರು ಮೈಸೂರು. ಬೆಳಗ್ಗೆ 40 ಕಿಲೋಮೀಟರ್ ಸೈಕಲ್ ತುಳಿದ ದಿನ ರಾತ್ರಿ ಎರಡು ಮೂರು ಗಂಟೆಗೆ ಮೀನಖಂಡ ಹಿಡಿದು ಎಚ್ಚರವಾಗುತ್ತದೆ. ಕೊಲೆಸ್ಟೆರಾಲಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೆಗ್ನೀಸಿಯಂ ಮಾತ್ರೆ ಸಹಾಯಕವೇ?

ಉತ್ತರ: ಮಲಗಿದಾಗ, ಅದರಲ್ಲೂ ಹೊದಿಕೆಯ ಭಾರಕ್ಕೆ, ಪಾದ ಕೆಳಕ್ಕೆ ಬಾಗಿ ಮೀನಖಂಡ ಕುಗ್ಗಿರುತ್ತದೆ; ಬೆಳಗ್ಗೆ ದುಡಿದ ಸ್ನಾಯು ರಾತ್ರಿ ಹಿಡಿಯುವುದು ಹೀಗೆ. ವಯಸ್ಸಾದವರ ರಾತ್ರಿ ಸೆಳೆತಕ್ಕೆ ಮೆಗ್ನೀಸಿಯಂ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಗಣನೀಯ ಪ್ರಯೋಜನ ಕಂಡಿಲ್ಲ. ಹಿಂದೆ ಕೊಡುತ್ತಿದ್ದ ಕ್ವಿನೈನ್ ಮಾತ್ರೆಯ ಹತ್ತಿರವೂ ಸುಳಿಯಬೇಡಿ. ರಕ್ತದ ಪ್ಲೇಟ್‌ಲೆಟ್ ಕುಸಿತ, ಹೃದಯದ ಲಯ ತಪ್ಪುವಿಕೆಯಂಥ ಅಪಾಯಗಳಿಂದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಳಕೆಯ ವಿರುದ್ಧ ಎಚ್ಚರಿಸಿದೆ. ಇದಕ್ಕಿಂತ ಮಲಗುವ ಮುನ್ನ ಗೋಡೆಗೆ ಅಂಗೈ ಒತ್ತಿ, ಒಂದು ಕಾಲನ್ನು ಹಿಂದಿಟ್ಟು, ಅದರ ಹಿಮ್ಮಡಿ ನೆಲ ಬಿಡದಂತೆ ನಿಂತುಕೊಳ್ಳುವುದು ಲೇಸು. ಕಾಲೊಂದಕ್ಕೆ ಮೂರು ಸಲ ಮಾಡಿ. ನೆದರ್ಲೆಂಡ್ಸ್‌ನಲ್ಲಿ 55 ದಾಟಿದವರ ಮೇಲೆ ನಡೆದ ಅಧ್ಯಯನದಲ್ಲಿ ಆರು ವಾರ ಮೀನಖಂಡ, ಹಿಂದೊಡೆಗಳನ್ನು ಹೀಗೆ ಚಾಚಿ ಮಲಗಿದವರಿಗೆ ಸೆಳೆತ ಕಡಿಮೆಯಾಯಿತು.

ಕೊಲೆಸ್ಟೆರಾಲಿನ ಮಾತ್ರೆ ಸ್ಟ್ಯಾಟಿನ್ ಆಗಿದ್ದರೆ ಅದು ಕೆಲವರಲ್ಲಿ ಸ್ನಾಯುನೋವು, ಸೆಳೆತ ತರುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ, ಥೈರಾಯ್ಡ್, ಮೂತ್ರಪಿಂಡ, ಸಕ್ಕರೆಯ ಪರೀಕ್ಷೆಗಳನ್ನೂ ಕೇಳಿ. ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂಥ ಕಾಲನ್ನು ತಿಕ್ಕದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಂತಿಷ್ಟು ದೂರ ನಡೆದರೆ ಹಿಡಿದು, ನಿಂತರೆ ಬಿಡುವ ನೋವಾದರೆ ಕಾಲಿನ ರಕ್ತನಾಳ ಕಿರಿದಾಗಿರುವ ಸಾಧ್ಯತೆಯಿದೆ. ದೀರ್ಘ ಸವಾರಿಯ ಮರುದಿನ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುವಿನ ಎಳೆಗಳು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದು ತಿಳಿದು ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಇವಾವುವೂ ಇಲ್ಲದಿದ್ದರೆ ಸವಾರಿ ನಿಲ್ಲಿಸಬೇಕಾಗಿಲ್ಲ. ಮನೆಗೆ ಬಂದು ಸೈಕಲ್ ಒರಗಿಸಿಟ್ಟ ಗೋಡೆಯ ಬಳಿಯೇ, ಬೂಟು ಬಿಚ್ಚುವ ಮೊದಲು, ಮೇಲೆ ಹೇಳಿದ ಚಾಚುವಿಕೆಯನ್ನು ಒಂದು ಸುತ್ತು ಮುಗಿಸಿಬಿಡಿ.