ಓದುಗರ ಪ್ರಶ್ನೆ: ಪರದೇಶದ ಸರ್ಕಾರಿ ಶಾಲೆ, ನಮ್ಮ ಮಕ್ಕಳು

ಪ್ರಶ್ನೆ: ಮಗಳು, ಅಳಿಯ ಎಚ್-1ಬಿ ವೀಸಾದ ಮೇಲೆ ಟೆಕ್ಸಾಸ್‌ನಲ್ಲಿದ್ದಾರೆ. ಏಳು ವರ್ಷದ ಮೊಮ್ಮಗನನ್ನು ಅಲ್ಲಿನ ಪಬ್ಲಿಕ್ ಸ್ಕೂಲಿಗೆ ಸೇರಿಸಬೇಕು. ಫೀಸು ಇಲ್ಲವಂತೆ. ಪೌರತ್ವವಿಲ್ಲ, ಸ್ವಂತ ಮನೆಯಿಲ್ಲ. ಹಾಗಾದರೆ ಖರ್ಚು ಕೊಡುವವರು ಯಾರು? ಅರ್ಜಿಯಲ್ಲಿ ಮನೆಮಾತಿನ ಜಾಗದಲ್ಲಿ ‘ಇಂಗ್ಲಿಷ್’ ಎಂದು ಬರೆಯಿರಿ ಅಂತ ಯಾರೋ ಹೇಳಿದ್ದಾರೆ. ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಅರ್ಜಿಯ ಮಾತು. ಮನೆಯಲ್ಲಿ ಆಡುವುದು ಕನ್ನಡವಾದರೆ ‘ಕನ್ನಡ’ ಎಂದೇ ಬರೆಯಲಿ. ಬರೆದ ಮಾತ್ರಕ್ಕೆ ಹುಡುಗನನ್ನು ಬೇರೆ ಕೂರಿಸುವುದಿಲ್ಲ. ಶಾಲೆಯವರು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿ ಮಾಡಿದರೆ ಮಾಮೂಲಿ ತರಗತಿ, ಇಲ್ಲದಿದ್ದರೆ ಅದೇ ಶಾಲೆಯಲ್ಲಿ ಭಾಷೆಗೆ ಹೆಚ್ಚಿನ ನೆರವು. ಬೇಡವೆನಿಸಿದರೆ ಅಪ್ಪ-ಅಮ್ಮ ಬರೆದುಕೊಟ್ಟು ನಿರಾಕರಿಸಬಹುದು, ವರ್ಷಕ್ಕೊಮ್ಮೆಯ ಭಾಷಾ ಪರೀಕ್ಷೆ ಮಾತ್ರ ತಪ್ಪದು. ‘ಇಂಗ್ಲಿಷ್’ ಎಂದು ಬರೆದರೆ ಆ ಮೊದಲ ಪರೀಕ್ಷೆಯೇ ನಡೆಯದೆ, ಮಗು ಅರ್ಥವಾಗದ ಪಾಠದ ಮುಂದೆ ತಿಂಗಳುಗಟ್ಟಲೆ ಸುಮ್ಮನೆ ಕೂರಬೇಕಾದೀತು. ದಯವಿಟ್ಟು ಹಾಗೆ ಮಾಡಬೇಡಿ. ಈ ನೆರವಿಗೆ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ ಕೊಟ್ಟ ತೀರ್ಪಿನ ಬಲವಿದೆ. ಶಾಲೆಗೂ ಇದರಿಂದ ಹಣ ಬರುತ್ತದೆ: 2019ರಲ್ಲಿ ಟೆಕ್ಸಾಸ್ ತಲಾ ಮೂಲ ಅನುದಾನವನ್ನು 6,160 ಡಾಲರ್‌ಗೆ ಏರಿಸಿತು, ಭಾಷಾ ನೆರವು ಪಡೆಯುವ ಮಗುವಿಗೆ ಅದರ ಹತ್ತರಲ್ಲೊಂದು ಪಾಲು, ಎಂದರೆ ಆಗಿನ ಲೆಕ್ಕಕ್ಕೆ 616 ಡಾಲರ್, ಹೆಚ್ಚುವರಿ.

ಇನ್ನು ಖರ್ಚು. ಹೆಚ್ಚಿನ ಹಣ ರಾಜ್ಯದ ಬೊಕ್ಕಸದಿಂದ ಮತ್ತು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಕೇಂದ್ರದ ಪಾಲು ಸಣ್ಣದು. ಮನೆ ಮಾಲೀಕ ಕಟ್ಟುವ ಆ ತೆರಿಗೆ ಬಾಡಿಗೆಯೊಳಗೇ ಸೇರಿರುತ್ತದೆ. ಹಾಗಾಗಿ ನಿಮ್ಮ ಅಳಿಯ ಬಿಟ್ಟಿ ಪಡೆಯುತ್ತಿಲ್ಲ. ಟೆಕ್ಸಾಸ್ ಅನುದಾನ ಕೊಡುವುದು ದಾಖಲಾತಿ ನೋಡಿ ಅಲ್ಲ, ಸರಾಸರಿ ಹಾಜರಿ ನೋಡಿ. ಶಾಲೆ ನಡೆಯುವಾಗ ಮಗುವನ್ನು ತಿಂಗಳುಗಟ್ಟಲೆ ಊರಿಗೆ ಕರೆತಂದರೆ ಶಾಲೆಯ ಹಣಕ್ಕೂ ಕತ್ತರಿ.

ಪೌರತ್ವದ ಪ್ರಶ್ನೆ ಇದೇ ರಾಜ್ಯದಲ್ಲಿ ತೀರ್ಮಾನವಾಗಿದ್ದು. ದೇಶದಲ್ಲಿರಲು ಕಾನೂನಿನ ದಾಖಲೆಯಿಲ್ಲದ ಮಕ್ಕಳಿಗೆ ಶಾಲೆಯ ಹಣ ತಡೆಯಲು 1975ರಲ್ಲಿ ಕಾನೂನು ತಂದರು. ಟೈಲರ್ ಊರಿನಲ್ಲಿ ಅಂಥ ಮಕ್ಕಳಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿದರು. ಪ್ಲೈಲರ್ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ರದ್ದುಮಾಡಿತು. ಶಾಲೆಗೆ ಬೇಕಾದ್ದು ವಾಸದ ಪುರಾವೆ (ಬಾಡಿಗೆ ಕರಾರು, ಕರೆಂಟ್ ಬಿಲ್), ವಯಸ್ಸಿನ ದಾಖಲೆ, ಲಸಿಕೆ ಚೀಟಿ.

ನಮ್ಮವರು ಎಡವುವುದು ಲಸಿಕೆಯಲ್ಲಿ. ಅಲ್ಲಿ ಕಡ್ಡಾಯವಾದ ಚಿಕನ್‌ಪಾಕ್ಸ್, ಮಂಗನಬಾವು, ಹೆಪಟೈಟಿಸ್-ಎ ಲಸಿಕೆಗಳು ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿಲ್ಲ. ಹಾಕಿಸಿದ್ದರೆ ತಾರೀಖು ಸಮೇತ ವೈದ್ಯರ ಸಹಿ ಮಾಡಿಸಿಕೊಂಡು ಕಳಿಸಿ.

ಪ್ರಶ್ನೆ: ತಮ್ಮನ ಮಗನನ್ನು ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಕಳಿಸಿ ಅಲ್ಲೇ ಓದಿಸಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ. ಬಿ-2 (ಪ್ರವಾಸಿ) ವೀಸಾದಲ್ಲಿ ಶಾಲೆ ಸೇರುವಂತಿಲ್ಲ. ಶಾಲೆಯವರು ವೀಸಾ ಕೇಳದಿರಬಹುದು, ಮುಂದೆ ವೀಸಾ ಅಧಿಕಾರಿ ಕೇಳುತ್ತಾರೆ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಾದರೆ ಪಬ್ಲಿಕ್ ಹೈಸ್ಕೂಲಿನಲ್ಲಿ ಹೆಚ್ಚೆಂದರೆ 12 ತಿಂಗಳು, ಅದೂ ಪೂರ್ತಿ ಖರ್ಚು ಕಟ್ಟಿ.