ನೆರೆಮನೆಯವರು ಕೊಟ್ಟ ಅಣಬೆ

ಮಾನ್ಯರೆ,

ತಮ್ಮ ಪತ್ರ ತಲುಪಿತು. ಮಲೆನಾಡಿನಿಂದ ಹೋಗಿ ಮ್ಯೂನಿಕ್‌ನಲ್ಲಿ ನೆಲೆಸಿರುವ ತಮಗೆ ನೆರೆಮನೆಯ ಹಿರಿಯರು ಬವೇರಿಯಾದ ಕಾಡಿನಿಂದ ಆಯ್ದು ತಂದ ಒಂದು ಬುಟ್ಟಿ ಅಣಬೆ ಕೊಟ್ಟರೆಂದೂ, ಅದನ್ನು ಕಂಡ ಸಹೋದ್ಯೋಗಿಯೊಬ್ಬರು ‘ಚೆರ್ನೋಬಿಲ್‌ನ ವಿಕಿರಣ ಇನ್ನೂ ಅದರಲ್ಲಿದೆ’ ಎಂದು ಎಚ್ಚರಿಸಿದರೆಂದೂ, ಕೊನೆಗೆ ಬುಟ್ಟಿಯನ್ನು ಕಸಕ್ಕೆ ಸುರಿದು ಸಂಕಟಪಟ್ಟಿರೆಂದೂ ಬರೆದಿದ್ದೀರಿ. ಆ ಮಾತು ನಿಜವೇ, ಇಷ್ಟು ವರ್ಷಗಳಾದರೂ ಅದು ಉಳಿಯುವುದು ಹೇಗೆ, ಊರಿನಲ್ಲಿ ತಾಯಿಯವರು ಮಾಡುವ ಹುತ್ತದ ಅಣಬೆಯ ಸಾರಿಗೂ ಈ ಭಯ ಬೇಕೇ, ಒಣಗಿಸಿದ ಅಣಬೆಯನ್ನು ಊರಿಗೆ ತರಬಹುದೇ ಎಂಬುವು ತಮ್ಮ ಪ್ರಶ್ನೆಗಳು.

ಸಹೋದ್ಯೋಗಿಯ ಮಾತು ನಿಜ. ಆದರೆ ಬುಟ್ಟಿಯನ್ನು ಸುರಿಯಲು ಅಷ್ಟೇ ಕಾರಣವಾಗಿದ್ದರೆ ಸುರಿಯಬೇಕಾಗಿರಲಿಲ್ಲ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ಅಣುವಿದ್ಯುತ್ ಸ್ಥಾವರ ಸಿಡಿದಾಗ ಎದ್ದ ಮೋಡ ಕೆಲವೇ ದಿನಗಳಲ್ಲಿ ದಕ್ಷಿಣ ಜರ್ಮನಿಯನ್ನು ತಲುಪಿತು. ಅದೇ ವೇಳೆಗೆ ಅಲ್ಲಿ ಮಳೆ ಸುರಿದದ್ದರಿಂದ ಬವೇರಿಯಾದ ಕಾಡುಗಳ ಮೇಲೆ ವಿಕಿರಣ ಸೂಸುವ ಸೀಸಿಯಂ ಎಂಬ ಲೋಹ ಹೆಚ್ಚಾಗಿ ಇಳಿಯಿತು; ಮಳೆ ಬಾರದ ಕಡೆ ಕಡಿಮೆ ಬಿತ್ತು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ, ಅಂದರೆ ಅಂದು ಬಿದ್ದದ್ದರಲ್ಲಿ ಅರ್ಧದಷ್ಟು ಕಳೆಯಲು 2016ರವರೆಗೆ ಕಾಯಬೇಕಾಯಿತು. ಹೊಲಗಳಲ್ಲಿ ಜೇಡಿಮಣ್ಣಿನ ಕಣಗಳು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡವು, ಉಳುಮೆ ಅದನ್ನು ಆಳಕ್ಕೆ ಬೆರೆಸಿತು, ಪೊಟ್ಯಾಶ್ ಗೊಬ್ಬರ ಬೆಳೆಯು ಅದನ್ನು ಹೀರುವುದನ್ನು ತಗ್ಗಿಸಿತು. ಕಾಡಿನಲ್ಲಿ ಉಳುವವರಾರು, ಗೊಬ್ಬರ ಹಾಕುವವರಾರು? ಅಲ್ಲಿ ಅದು ತರಗೆಲೆ ಕೊಳೆತ ಮೇಲ್ಪದರದಲ್ಲಿಯೇ ಉಳಿದು, ಬೇರಿಗೆ ಹೋಗಿ, ಎಲೆಯಾಗಿ ಉದುರಿ, ಮತ್ತೆ ಅದೇ ಪದರಕ್ಕೆ ಮರಳುತ್ತಿದೆ. ಆ ಪದರದ ತುಂಬ ಹಬ್ಬಿರುವ ಶಿಲೀಂಧ್ರದ ಎಳೆಗಳು ಪೊಟ್ಯಾಸಿಯಂಗಾಗಿ ಹುಡುಕುತ್ತ, ರಾಸಾಯನಿಕವಾಗಿ ಅದರ ಸಮೀಪಬಂಧುವಾದ ಸೀಸಿಯಂ ಅನ್ನೂ ಒಳಗೆ ಎಳೆದುಕೊಳ್ಳುತ್ತವೆ. ನಾವು ಕಿತ್ತು ತರುವ ಕೊಡೆ ಆ ಜಾಲದ ಫಲ ಮಾತ್ರ.

ಹಾಗೆಂದು ಅಣಬೆಯನ್ನು ಮಾಪಕಯಂತ್ರದಂತೆ ಓದಲು ಬರುವುದಿಲ್ಲ. ಒಂದೇ ಮರದ ಕೆಳಗೆ ಎದ್ದ ಎರಡು ಜಾತಿಯ ಅಣಬೆಗಳು ಹತ್ತಾರು ಪಟ್ಟು ಬೇರೆಯಾದ ಅಂಕಿಗಳನ್ನು ಕೊಡಬಲ್ಲವು. ಮರದ ಬೇರಿನೊಡನೆ ಕೂಡಿ ಬಾಳುವ ಜಾತಿಗಳಲ್ಲಿ ಸೀಸಿಯಂ ಸಾಮಾನ್ಯವಾಗಿ ಹೆಚ್ಚು. ಒಣಮರದ ಮೇಲೆ ಬೆಳೆಯುವ ಚಿಪ್ಪಣಬೆಯಂಥವುಗಳಲ್ಲಿ ಕಡಿಮೆ. ಜರ್ಮನರು ‘ಮಾರೋನೆನ್’ ಎಂದು ಕರೆಯುವ ಕಂದು ಅಣಬೆಯ ಟೊಪ್ಪಿಗೆಯ ಸಿಪ್ಪೆಯಲ್ಲಿರುವ ವರ್ಣದ್ರವ್ಯವೇ ಸೀಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಅಡಿಭಾಗದಲ್ಲಿ ಮುಳ್ಳುಮುಳ್ಳಾಗಿರುವ ‘ಸೆಮ್ಮೆಲ್‌ಸ್ಟೊಪ್ಪೆಲ್‌ಪಿಲ್ಟ್ಸ್’ ಇನ್ನೂ ಮುಂದೆ. ಎಲ್ಲರಿಗೂ ಪ್ರಿಯವಾದ ‘ಷ್ಟೈನ್‌ಪಿಲ್ಟ್ಸ್’ನಲ್ಲಿ ಇವೆರಡಕ್ಕಿಂತ ಕಡಿಮೆ. ಆದ್ದರಿಂದಲೇ ಜರ್ಮನಿಯ ವಿಕಿರಣ ರಕ್ಷಣಾ ಕಚೇರಿ ಅದದೇ ತಾಣಗಳಲ್ಲಿ ಜಾತಿಜಾತಿಯಾಗಿ ಅಣಬೆಗಳನ್ನು ಅಳೆದು ವರದಿ ಪ್ರಕಟಿಸುತ್ತಿರುತ್ತದೆ.

ಇಲ್ಲಿ ಕಾಡುಹಂದಿಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬವೇರಿಯಾದ ಜಿಂಕೆಗಳ ಮಾಂಸದಲ್ಲಿ ಸೀಸಿಯಂ ಇಳಿಯುತ್ತ ಬಂದರೂ ಹಂದಿಗಳಲ್ಲಿ ಇಳಿಯಲಿಲ್ಲ. ಚಳಿಗಾಲದಲ್ಲಿ ಬೇರೆ ಮೇವಿಲ್ಲದಾಗ ಅವು ನೆಲವನ್ನು ಅಗೆದು ಒಂದು ಬಗೆಯ ನೆಲದೊಳಗಿನ ಅಣಬೆಯನ್ನು ತಿನ್ನುತ್ತವೆ. ಮೇಲಿನಿಂದ ಬಹಳ ನಿಧಾನವಾಗಿ ಇಳಿಯುವ ಸೀಸಿಯಂ ಆ ಆಳವನ್ನು ತಡವಾಗಿ ಮುಟ್ಟುತ್ತದೆ. 2023ರಲ್ಲಿ ವಿಯೆನ್ನಾ ಮತ್ತು ಹ್ಯಾನೋವರ್‌ನ ಸಂಶೋಧಕರು, ಬಾಂಬಿನದ್ದರಲ್ಲೂ ಸ್ಥಾವರದ್ದರಲ್ಲೂ ಬೇರೆಬೇರೆಯಾಗಿರುವ ಸೀಸಿಯಂ-135 ಮತ್ತು 137ರ ಪ್ರಮಾಣಗಳನ್ನು ಹೋಲಿಸಿ, ಹಂದಿಮಾಂಸದಲ್ಲಿರುವ ಸೀಸಿಯಂನ ಗಣನೀಯ ಪಾಲು ಚೆರ್ನೋಬಿಲ್‌ನದ್ದಲ್ಲ, ಅದಕ್ಕೂ ಹಿಂದಿನ ಅಣ್ವಸ್ತ್ರ ಪರೀಕ್ಷೆಗಳದ್ದು ಎಂದು ತೋರಿಸಿದರು. ಅರುವತ್ತರ ದಶಕದ ಬಾಂಬು ಇಂದಿನ ಹಂದಿಯ ಹೊಟ್ಟೆಗೆ ಅಣಬೆಯ ಮೂಲಕ ಸೇರುತ್ತಿದೆ.

ಇನ್ನು ತಮ್ಮ ಊಟದ ಲೆಕ್ಕ. ಜರ್ಮನಿಯಲ್ಲಿ ಮಾರಾಟದ ಅಣಬೆಗೆ ಕಿಲೋಗ್ರಾಂಗೆ 600 ಬೆಕ್ವೆರಲ್ (ವಸ್ತುವಿನ ವಿಕಿರಣಶೀಲತೆಯ ಅಳತೆ) ಮಿತಿಯಿದೆ; ತಾವೇ ಆಯ್ದು ತಿನ್ನುವುದಕ್ಕೆ ಕಾನೂನಿನ ಮಿತಿಯಿಲ್ಲ. ಕಿಲೋಗೆ 2,000 ಬೆಕ್ವೆರಲ್ ಇರುವ ಅಣಬೆಯನ್ನು ವಾರಕ್ಕೆ 200 ಗ್ರಾಂನಂತೆ ವರ್ಷವಿಡೀ ತಿಂದರೂ ವಯಸ್ಕರಿಗೆ ಸಿಗುವ ವಿಕಿರಣ ಸುಮಾರು 0.27 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ). ಅದೇ ದೇಶದಲ್ಲಿ ನೆಲ, ಗಾಳಿ, ಆಕಾಶದಿಂದ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2 ಮಿಲಿಸೀವರ್ಟ್‌ನಷ್ಟು ಎಲ್ಲರಿಗೂ ಸಿಗುತ್ತಿರುತ್ತದೆ. ಋತುವಿನಲ್ಲಿ ಒಂದೆರಡು ಬಾರಿ ಪಲ್ಯ ಮಾಡಿ ತಿನ್ನುವವರು ನಿದ್ದೆಗೆಡಬೇಕಾಗಿಲ್ಲ. ವಾರಕ್ಕೆ 250 ಗ್ರಾಂ ಮೀರಬಾರದೆಂಬ ಸಲಹೆ ಅಲ್ಲಿ ರೂಢಿಯಲ್ಲಿದೆ. ಅದಕ್ಕೆ ಸೀಸಿಯಂಗಿಂತ ಕ್ಯಾಡ್ಮಿಯಂ, ಪಾದರಸದಂಥ ಭಾರಲೋಹಗಳೇ ಮುಖ್ಯ ಕಾರಣ. ಕೆಲವು ಜಾತಿಗಳು ಶುದ್ಧ ನೆಲದಿಂದಲೂ ಕ್ಯಾಡ್ಮಿಯಂ ಕೂಡಿಸಿಕೊಳ್ಳುತ್ತವೆ. ಹೆದ್ದಾರಿಯ ಅಂಚು, ಹಳೆಯ ಗಣಿ, ಲೋಹ ಕರಗಿಸುವ ಕಾರ್ಖಾನೆಗಳ ಸುತ್ತ ಎದ್ದ ಅಣಬೆಯನ್ನಂತೂ ಮುಟ್ಟಲೇಬಾರದು.

ನನ್ನ ಚಿಂತೆ ಬೇರೆಯದು. ಸಿಕ್ಕ ಅಣಬೆ ಯಾವುದೆಂದು ತಾವು ಬರೆದಿಲ್ಲ. 2015ರ ಶರತ್ಕಾಲದಲ್ಲಿ ಜರ್ಮನಿಗೆ ಬಂದಿದ್ದ ನಿರಾಶ್ರಿತರಲ್ಲಿ ಹಲವರು, ತಮ್ಮ ನಾಡಿನಲ್ಲಿ ತಿನ್ನುತ್ತಿದ್ದ ಅಣಬೆಯನ್ನೇ ಹೋಲುವ ವಿಷದ ಅಣಬೆಯನ್ನು ತಿಂದು ಆಸ್ಪತ್ರೆ ಸೇರಿದರು. ಹ್ಯಾನೋವರ್‌ನ ವೈದ್ಯಕೀಯ ಕಾಲೇಜು ಅವರ ಭಾಷೆಗಳಲ್ಲಿಯೇ ಎಚ್ಚರಿಕೆಯ ಭಿತ್ತಿಪತ್ರಗಳನ್ನು ಹೊರಡಿಸಬೇಕಾಯಿತು. ‘ಡೆತ್ ಕ್ಯಾಪ್’ ಎಂಬ ಆ ಹಸಿರುಮಿಶ್ರಿತ ಅಣಬೆಯ ನಂಜು ಬೇಯಿಸಿದರೆ ಹೋಗುವುದಿಲ್ಲ. ವಾಂತಿಭೇದಿ ಶುರುವಾಗಲು ಆರು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ, ನಡುವೆ ಗುಣವಾದಂತೆಯೂ ತೋರುತ್ತದೆ, ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ. ಬೆಳ್ಳಿ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣ ಬದಲಾಗುವುದು, ಹುಳು ತಿಂದಿದ್ದರೆ ಸುರಕ್ಷಿತ ಎನ್ನುವುದು, ಇವಾವುವೂ ಪರೀಕ್ಷೆಗಳಲ್ಲ. ಮಲೆನಾಡಿನಲ್ಲಿ ಪಳಗಿದ ಕಣ್ಣು ಬವೇರಿಯಾದಲ್ಲಿ ಹೊಸ ಕಣ್ಣೇ. ಅಲ್ಲಿನ ಅನೇಕ ನಗರಗಳಲ್ಲಿ ತರಬೇತಿ ಪಡೆದ ಅಣಬೆ ಸಲಹೆಗಾರರಿದ್ದಾರೆ. ಮುಂದಿನ ಬುಟ್ಟಿಯನ್ನು ಅಡುಗೆಮನೆಗಿಂತ ಮೊದಲು ಅವರ ಬಳಿಗೆ ಒಯ್ಯಿರಿ.

ತಾಯಿಯವರ ಸಾರಿನ ವಿಷಯ. ಹುತ್ತದ ಅಣಬೆ ಗೆದ್ದಲುಗಳು ತಂದು ಅಗಿದಿಟ್ಟ ಎಲೆ, ಕಟ್ಟಿಗೆಯ ಮೇಲೆ ಬೆಳೆಯುವ ಶಿಲೀಂಧ್ರ. ಮರದ ಬೇರಿನೊಡನೆ ಅದಕ್ಕೆ ಬಾಂಧವ್ಯವಿಲ್ಲ, ಚೆರ್ನೋಬಿಲ್‌ನ ಸೀಸಿಯಂ ನಮ್ಮ ಘಟ್ಟಗಳ ಮೇಲೆ ಹೇಳಿಕೊಳ್ಳುವಷ್ಟು ಬೀಳಲೂ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ತೋಟಕ್ಕೆ ಸಂಬಂಧಿಸಿದ್ದು. ಅಡಕೆಗೂ ಕಾಫಿಗೂ ದಶಕಗಳಿಂದ ಹೊಡೆಯುತ್ತಿರುವ ಬೋರ್ಡೋ ದ್ರಾವಣದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಅಣಬೆಗಳು ತಾಮ್ರವನ್ನೂ ಹೀರುತ್ತವೆ. ಅದಕ್ಕಿಂತ ಹೆಚ್ಚಾಗಿ, ಮೊದಲ ಮಳೆಗೆ ಅಣಬೆ ಏಳುವ ಹೊತ್ತಿಗೇ ಕಳೆನಾಶಕವನ್ನೂ ಸಿಂಪಡಿಸುವವರಿದ್ದಾರೆ. ಹೋದ ವಾರ ತೋಟಕ್ಕೆ ಏನು ಹೊಡೆದರೆಂದು ವಿಚಾರಿಸಿ ಕೀಳುವುದು ಲೇಸು. ದೂರದ ಬೆಟ್ಟದ ಹುತ್ತದ್ದಾದರೆ ನಿಶ್ಚಿಂತೆಯಿಂದ ಸಾರು ಮಾಡಲಿ. ಸಾಧ್ಯವಾದರೆ ಒಂದು ಬಟ್ಟಲು ಈ ಕಚೇರಿಗೂ.

ಒಣಗಿಸಿದ ಅಣಬೆಯ ಬಗ್ಗೆ ಒಂದು ಮಾತು. ಹಸಿ ಅಣಬೆಯ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ, ಒಣಗಿದ ಮೇಲೆ ಕಿಲೋ ಲೆಕ್ಕದ ಬೆಕ್ವೆರಲ್ ಅಂಕಿ ಸುಮಾರು ಹತ್ತು ಪಟ್ಟಾಗಿ ಕಾಣುತ್ತದೆ. ತಟ್ಟೆಗೆ ಬೀಳುವ ಸೀಸಿಯಂ ಮಾತ್ರ ಹೆಚ್ಚುವುದಿಲ್ಲ. ನೆನೆಸಿ ಕುದಿಸಿದ ನೀರನ್ನು ಚೆಲ್ಲಿದರೆ ಅದರಲ್ಲೂ ಸಾಕಷ್ಟು ಹೊರಹೋಗುತ್ತದೆ, ಜೊತೆಗೆ ರುಚಿಯೂ. ಊರಿಗೆ ತರುವುದಾದರೆ ಅಂಗಡಿಯಲ್ಲಿ ಕೊಂಡ, ಹೆಸರು ಮತ್ತು ಮೂಲ ನಮೂದಿಸಿದ ಪೊಟ್ಟಣವನ್ನೇ ತನ್ನಿರಿ.

— ಸಂ.